ಫೌಜದಾರನ ಕೊರಳಚೀಲ

ನಮ್ಮ ಅಡುಗೆಮನೆಯಲ್ಲಿ ಚಮಚ ನಿಲ್ಲಿಸುವ ಸ್ಟೀಲಿನ ಡಬ್ಬಿಯೊಂದಿದೆ. ಅದರಲ್ಲಿ ಸೌಟು, ಜಾಲರಿ, ನಾಲ್ಕಾರು ಚಮಚಗಳ ನಡುವೆ ಒಂದು ಸಿರಿಂಜೂ ನಿಂತಿರುತ್ತದೆ. ಸೂಜಿ ಇಲ್ಲದ, ಬರಿಯ ಪ್ಲಾಸ್ಟಿಕ್ಕಿನ ಸಿರಿಂಜು. ನಮಗೆ ಅದು ಕಣ್ಣಿಗೆ ರೂಢಿಯಾಗಿ ಹೋಗಿದೆ. ಮೊನ್ನೆ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಷಡ್ಡಕ ಚಹಾಕ್ಕೆ ಸಕ್ಕರೆ ಕಲಸಲೆಂದು ಡಬ್ಬಿಗೆ ಕೈಹಾಕಿದವನು ಅದನ್ನು ಎತ್ತಿ ಹಿಡಿದ. ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಸಕ್ಕರಿ ಬ್ಯಾನಿ ಸುರು ಆತೇನ್ರಿ ಅಣ್ಣಾರ?"

ನಾನು ಬಾಯಿ ತೆರೆಯುವುದರೊಳಗೆ ನನ್ನ ಹೆಂಡತಿ ಶಾರದಾ ಒಲೆಯ ಕಡೆಯಿಂದಲೇ ಹೇಳಿದಳು. "ಇಲ್ರಿ, ಅದು ಹುಂಜಂದು."

ಅವನು ಸಿರಿಂಜನ್ನು ಮೆಲ್ಲಗೆ ಡಬ್ಬಿಗೆ ಇಳಿಸಿದ. ಚಹಾ ಅರ್ಧಕ್ಕೇ ಬಿಟ್ಟ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಅಡುಗೆಮನೆಯಲ್ಲಿ ಹುಂಜನಿಗೆ ಸಂಬಂಧಪಟ್ಟ ಸಾಮಾನು ಯಾಕಿರಬೇಕು ಎಂಬ ಪ್ರಶ್ನೆ ಅವನ ಮುಖದ ಮೇಲೆ ಅಚ್ಚಾಗಿತ್ತು. ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವನು ಕೇಳದೆ ಹೋದದ್ದರಿಂದ ಈಗ ನಿಮಗೆ ಹೇಳುತ್ತಿದ್ದೇನೆ. ಅವನು ಊರಿಗೆ ಹೋಗಿ ಇನ್ನೇನೋ ಹೇಳಿರುತ್ತಾನೆ, ಅದೂ ನನಗೆ ಗೊತ್ತು.

ನನ್ನದು ಯರಗುಪ್ಪಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಬೆಳೆಗೆ ಹೊಡೆಯುವ ಔಷಧಿಯೂ ಸಿಗುತ್ತದೆ. ಆ ಔಷಧಿಗೆ ನಮ್ಮ ಕಡೆ 'ಎಣ್ಣಿ' ಅನ್ನುತ್ತಾರೆ. ಮೆಣಸಿನ ಗಿಡಕ್ಕೆ ಎಣ್ಣಿ ಹೊಡೆಯೋದು, ಹತ್ತಿಗೆ ಎಣ್ಣಿ ಹೊಡೆಯೋದು. ಒಗ್ಗರಣೆಗೆ ಹಾಕುವುದಕ್ಕೂ ಎಣ್ಣಿ ಎಂದೇ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ಶಾರದಾ, ನಾನು ಅಂಗಡಿಯಿಂದ ಬಂದು ಕೈ ತೊಳೆಯದೆ ಬೋಗುಣಿ ಮುಟ್ಟಿದರೆ ಆ ಬೋಗುಣಿಯನ್ನೇ ತೆಗೆದು ಹೊರಗೆ ಇಡುತ್ತಿದ್ದಳು. ಈಗಲೂ ನನ್ನ ಕೈಯನ್ನು ಮೂಸಿಯೇ ತಟ್ಟೆ ಕೊಡುವುದು. ನನ್ನ ಗಿರಾಕಿಗಳೂ ಅವಳ ಸಂಬಂಧಿಕರೇ ಇರಬೇಕು. ಬಾಟಲಿಯ ಬಿರಡೆ ತಿರುಗಿಸಿ ನೋಡುತ್ತಾರೆ, ಬೀಜದ ಪಾಕೀಟನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ, ಕೊನೆಗೆ ನನ್ನ ಮುಖ ನೋಡುತ್ತಾರೆ. ಇಷ್ಟು ವರ್ಷ ಹೀಗೆ ನೋಡಿಸಿಕೊಂಡ ಮುಖ ಯಾರದೇ ಆಗಲಿ, ತುಸು ಕಳ್ಳನ ಮುಖದಂತೆಯೇ ಆಗುತ್ತದೆ.

ಹುಂಜ ನಾವು ಬಯಸಿ ತಂದದ್ದಲ್ಲ. ನಮ್ಮ ಹಿತ್ತಲಿಗೆ ಹೊಂದಿ ಖೈರುನ್ನಿಸಾಳ ಮನೆ. ಅವಳು ಕೋಳಿ ಸಾಕಿದ್ದಾಳೆ. ಒಂದು ಮಳೆಗಾಲ ಅವಳ ಕೋಳಿಯ ಮರಿಯೊಂದು ಗೋಡೆಯ ಸಂದಿನಿಂದ ನಮ್ಮ ಕಡೆ ಬಿದ್ದು ಒದ್ದೆಯಾಗಿ ಚೀಂವ್ ಚೀಂವ್ ಅನ್ನುತ್ತಿತ್ತು. ಶಾರದಾ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು. ಬಿಸಿಲು ಬಿದ್ದ ಮೇಲೆ ತಿರುಗಿ ಕೊಟ್ಟರೆ ತಾಯಿಕೋಳಿ ಕುಕ್ಕಿ ಓಡಿಸಿತು. ಮತ್ತೆ ನಮ್ಮಲ್ಲಿಗೇ ಬಂತು. ದೊಡ್ಡದಾದ ಮೇಲೆ ಮತ್ತೊಮ್ಮೆ ಕೊಟ್ಟೆವು, ಗೋಡೆ ಹಾರಿ ಬಂತು. "ಇರ್ಲಿ ಬಿಡ್ರಿ ಅಕ್ಕಾರ, ಅದು ನಿಮ್ಮ ಮನಿ ಮಗಾನ ಆಗೇತಿ" ಎಂದು ಖೈರುನ್ನಿಸಾ ನಕ್ಕಳು. ಹೀಗೆ ನಮ್ಮ ಮನೆಯಲ್ಲಿ ಹುಂಜ ನಿಂತಿತು.

ಅದಕ್ಕೆ ಫೌಜದಾರ ಎಂದು ಹೆಸರಿಟ್ಟವನು ನಾನೇ. ಅದು ಯಾರನ್ನೂ ನೇರ ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ ಒಂದೇ ಕಣ್ಣಿನಲ್ಲಿ, ನಿನ್ನ ವಿಷಯ ಎಲ್ಲಾ ಗೊತ್ತೈತಿ ಮಗನ ಎನ್ನುವ ಹಾಗೆ ನೋಡುತ್ತಿತ್ತು. ಹಾಲಿನವ, ಕರೆಂಟ್ ಬಿಲ್ಲಿನವ, ಭಿಕ್ಷೆಗೆ ಬಂದ ಜಂಗಮರು, ಯಾರು ಬಂದರೂ ತಡೆದು ಒಂದು ಸುತ್ತು ಹಾಕಿ ತಪಾಸಣೆ ಮಾಡಿಯೇ ಒಳಗೆ ಬಿಡುವುದು. ಶಾರದಾಳ ಹಿಂದೆ ಮಾತ್ರ ಕರುವಿನಂತೆ ಓಡಾಡುತ್ತಿತ್ತು.

ಓಣಿಯವರಿಗೆ ಇದು ಅರ್ಥವಾಗಲಿಲ್ಲ. ನಮ್ಮಂಥವರು ಆಕಳು ಸಾಕಬಹುದು, ನಾಯಿ ಸಾಕಬಹುದು, ಗಿಳಿ ಸಾಕಿದರೂ ನಡೆದೀತು. ಹುಂಜ? "ಸಾಕ್ತೀರಿ, ಖರೆ. ಆಮ್ಯಾಲೆ?" ಎಂದು ಕೇಳುತ್ತಿದ್ದರು. ಆ 'ಆಮ್ಯಾಲೆ' ಎಂಬ ಮಾತನ್ನು ಎಷ್ಟು ಎಳೆಯುತ್ತಿದ್ದರೆಂದರೆ ಅದರಲ್ಲಿ ಮಸಾಲೆ ಅರೆಯುವ ಸಪ್ಪಳವೂ ಕೇಳುತ್ತಿತ್ತು. ನನ್ನ ದೊಡ್ಡಪ್ಪನ ಮಗನೊಬ್ಬ ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನೇ ನಿಲ್ಲಿಸಿದ. ಎದುರುಮನೆಯ ಶಂಕ್ರವ್ವ ದಿನಕ್ಕೊಮ್ಮೆ ಏನಾದರೂ ನೆಪ ತೆಗೆದು ಬಂದು, ಹುಂಜ ಇನ್ನೂ ಇದೆಯೋ ಇಲ್ಲವೋ ಎಂದು ಕಣ್ಣಿನಿಂದಲೇ ಹಾಜರಿ ತೆಗೆದುಕೊಂಡು ಹೋಗುತ್ತಿದ್ದಳು.

ಫೌಜದಾರನಿಗೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಅಂಗಡಿಗೆ ಹೊರಟಾಗ ಹಿಂದಿನಿಂದ ಬಂದು ಹಿಮ್ಮಡಿ ಕುಕ್ಕುವುದು ಅವನ ದಿನದ ನೇಮ. ಕಡ್ಲಿ ಒಕ್ಕುವ ಹಂಗಾಮಿನಲ್ಲಿ ಒಂದು ದಿನ ಬಿಳಿ ಧೋತರ ಉಟ್ಟು ಮದುವೆಗೆ ಹೊರಟಿದ್ದೆ. ಗಟಾರದ ಕೆಸರುಗಾಲಿನಲ್ಲಿ ಹಾರಿ ಧೋತರಕ್ಕೆ ಮುದ್ರೆ ಒತ್ತಿದ. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ.

"ಲೇ, ನಿನಗ ಒಂದಿನ ಅಂಗಡಿ ಎಣ್ಣಿನ ಕುಡಸ್ತೀನಿ ನೋಡಲೇ!"

ಶಂಕ್ರವ್ವ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ನಿಂತಿತು. ಶಾರದಾ ಬಾಗಿಲಲ್ಲಿ ನಿಂತಿದ್ದಳು. ನಾನು ಧೋತರ ಬದಲಿಸಿ ಮದುವೆಗೆ ಹೋಗಿ ಹೊಟ್ಟೆತುಂಬ ಹುಗ್ಗಿ ಉಂಡು ಬಂದೆ. ಆ ಮಾತನ್ನು ಅಲ್ಲೇ ಮರೆತೆ.

ಮರುದಿನ ಬೆಳಗ್ಗೆ ಹುಂಜ ಕೂಗಲಿಲ್ಲ.

ನಾನು ಹೊತ್ತೇರಿದ ಮೇಲೆ ಎದ್ದೆ, ಬಹಳ ಸುಖವಾಗಿ ಎದ್ದೆ. ಹಿತ್ತಲಿಗೆ ಹೋದರೆ ಶಾರದಾ ನೆಲಕ್ಕೆ ಕೂತಿದ್ದಳು. ಮುಂದೆ ಫೌಜದಾರ ಪುಕ್ಕ ಉಬ್ಬಿಸಿಕೊಂಡು, ರೆಕ್ಕೆ ಇಳಿಬಿಟ್ಟು ಗೋಡೆಗೆ ಆತು ನಿಂತಿದ್ದ. ಆಗಾಗ ಕತ್ತು ಮುಂದೆ ಚಾಚಿ ಆಕಳಿಸುವ ಹಾಗೆ ಬಾಯಿ ತೆರೆಯುತ್ತಿದ್ದ. ಜುಟ್ಟು ಕಪ್ಪಿಟ್ಟಿತ್ತು. ಜೋಳ ಚೆಲ್ಲಿದ್ದು ಹಾಗೆಯೇ ಬಿದ್ದಿತ್ತು.

"ಏನಾತು?" ಅಂದೆ.

ಶಾರದಾ ತಲೆಯೆತ್ತಿ ನನ್ನನ್ನು ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಬೈದಿದ್ದಾಳೆ, ಮಾತು ಬಿಟ್ಟಿದ್ದಾಳೆ, ತವರಿಗೆ ಹೋಗಿ ಬಂದಿದ್ದಾಳೆ. ಆದರೆ ಹಾಗೆ ನೋಡಿದ್ದು ಅದೇ ಮೊದಲು.

"ನಿಮ್ಮನ್ನ ಕೇಳಬೇಕು ಅದನ್ನ," ಅಂದಳು.

"ನನ್ನನ್ಯಾಕ?"

"ನಿನ್ನಿ ನೀವ ಹೇಳಿದ್ರಲ್ಲ."

ನಾನು ನಕ್ಕೆ. ನಗಬಾರದಿತ್ತು. ತಪ್ಪು ಮಾಡದವನು ಅಂಥ ಹೊತ್ತಿನಲ್ಲಿ ಸಿಟ್ಟಿಗೇಳುತ್ತಾನೆ ಎಂದು ಅವಳ ಲೆಕ್ಕ. ಸಿಟ್ಟಿಗೆದ್ದಿದ್ದರೆ, ತಪ್ಪು ಮಾಡದವನು ನಗುತ್ತಿದ್ದ ಅನ್ನುತ್ತಿದ್ದಳು.

ಗೋಡೆಯ ಆಚೆಯಿಂದ ಖೈರುನ್ನಿಸಾ ಇಣುಕಿದಳು. ಹುಂಜನನ್ನು ನೋಡಿದ್ದೇ ಅವಳ ಮುಖದ ನಗು ಹೋಯಿತು. "ಅಕ್ಕಾರ, ಇದು ರೋಗದ್ದು ಇರಬೇಕ್ರಿ. ಹಿಂದ ಬಂದಾಗ ನಮ್ಮವು ಒಂದೂ ಉಳೀಲಿಲ್ಲ. ನಮ್ಮ ಕಡೆ ಬಿಡಬ್ಯಾಡ್ರಿ, ನಿಮ್ಮ ಪುಣ್ಯಾ" ಎಂದು ಹೇಳಿ ಗೋಡೆಯ ಸಂದಿಗೆ ಗೋಣಿಚೀಲ ತುರುಕಿ ಮುಚ್ಚಿದಳು. ಯಾವಾಗಲೂ ಆ ಸಂದಿನಿಂದ ಕರಿಬೇವು ಬರುತ್ತಿತ್ತು, ಮೊಸರು ಹೋಗುತ್ತಿತ್ತು. ಶಾರದಾಳಿಗೆ ಅದೂ ನನ್ನಿಂದಲೇ ಆದದ್ದು ಎನ್ನಿಸಿರಬೇಕು.

ನನಗೇನು, ನನ್ನ ಸಂಶಯ ನನಗಿತ್ತು. ಶಂಕ್ರವ್ವನ ಹಪ್ಪಳವನ್ನು ಈ ಹುಂಜ ತುಳಿದು ಹಾಳುಮಾಡಿ ಬಹಳ ದಿನ ಆಗಿರಲಿಲ್ಲ. ಅವಳು ನನ್ನ ಅಂಗಡಿಯಿಂದಲೇ ಇಲಿ ಔಷಧಿ ಒಯ್ದಿದ್ದಳು. ನಾನು ಏನೂ ಗೊತ್ತಿಲ್ಲದವನಂತೆ ಅವಳ ಕಟ್ಟೆಯ ಹತ್ತಿರ ಹೋಗಿ, ಗೋಡೆಯ ಬುಡ, ಗಟಾರದ ಅಂಚು ಎಲ್ಲ ಕಣ್ಣಾಡಿಸಿ ಕೇಳಿದೆ.

"ಶಂಕ್ರವ್ವ, ಆ ಇಲಿ ಔಷಧಿ ಎಲ್ಲೆಲ್ಲಿ ಹಾಕೀದಿವಾ?"

"ಯಾಕ್ರಿ?"

"ಸುಮ್ನ ಕೇಳಿದೆ. ಇಲಿ ಸತ್ತಾವೇನ?"

"ಎಲ್ಲಿ ಸಾಯ್ತಾವ? ನಿಮ್ಮ ಔಷಧಿ ತಿಂದು ಇನ್ನಷ್ಟು ದಪ್ಪಾಗ್ಯಾವ," ಅಂದಳು. ಆಮೇಲೆ ಧ್ವನಿ ತಗ್ಗಿಸಿ, "ಹುಂಜ ಕೂಗಲಿಲ್ಲಲ್ಲ ಇವತ್ತು? ಕಾಣವಲ್ದು?" ಎಂದು ನನ್ನ ಹಿಂದೆ, ಅಡುಗೆಮನೆಯ ಕಿಟಕಿಯ ಕಡೆಗೆ ನೋಡಿದಳು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಬೇಳೆ ಬೇಯುತ್ತಿತ್ತು. ಶಂಕ್ರವ್ವನ ಮೂಗು ಅರಳಿತು. ಹೇಳಬೇಕೆಂದುಕೊಂಡೆ, ಬೇಳೆ ಅಂತ. ಹೇಳಿದಷ್ಟೂ ಕೆಟ್ಟದು ಎಂದು ಸುಮ್ಮನಾದೆ.

ತಿರುಗಿ ಬಂದು ಹುಂಜನನ್ನು ಹಿಡಿದುಕೊಂಡೆ. ಹಿಡಿಸಿಕೊಂಡ, ಅದೇ ನನಗೆ ಗಾಬರಿ. ಆರೋಗ್ಯದಿಂದಿದ್ದಾಗ ನನ್ನ ಕೈಗೆ ಸಿಗುವ ಪ್ರಾಣಿಯೇ ಅಲ್ಲ. ತೊಡೆಯ ಮೇಲಿಟ್ಟು ಎದೆ ಸವರಿದರೆ ಕೊರಳ ಕೆಳಗೆ, ಎದೆಯ ಬಲಮಗ್ಗುಲಿಗೆ, ಲಿಂಬೆಹಣ್ಣಿಗಿಂತ ದೊಡ್ಡದೊಂದು ಗಂಟು ಕೈಗೆ ಹತ್ತಿತು. ಒತ್ತಿದರೆ ಒತ್ತುತ್ತಿರಲಿಲ್ಲ.

ಆ ಗಂಟು ಮುಟ್ಟಿದಾಗ ನನಗೆ ನನ್ನ ಅಜ್ಜಿಯ ಕೈ ನೆನಪಾಯಿತು. ನಾವು ಸಣ್ಣವರಿದ್ದಾಗ ಯಾರಾದರೂ ಊಟ ಬೇಡವೆಂದರೆ ಸಾಕು, ಅಜ್ಜಿ ಅಂಗಿ ಎತ್ತಿಸಿ ಹೊಟ್ಟೆಯನ್ನು ಕಲ್ಲಂಗಡಿ ಬಾರಿಸಿದ ಹಾಗೆ ಬೆರಳಿನಿಂದ ಬಾರಿಸುತ್ತಿದ್ದಳು. ಕಿವಿ ಹತ್ತಿರ ತಂದು ಕೇಳುತ್ತಿದ್ದಳು. "ಏನ್ ತಿಂದಿ, ಹೇಳು" ಅನ್ನುವಳು. "ಏನೂ ತಿಂದಿಲ್ಲ" ಅಂದರೆ, "ಹೊಟ್ಟಿ ಬ್ಯಾರೆನ ಹೇಳಾಕತ್ತೇತಿ" ಅನ್ನುವಳು. ಆಮೇಲೆ ಔಡಲೆಣ್ಣೆ. ಮೂಗು ಹಿಡಿದು, ಹಿತ್ತಾಳೆ ಚಮಚದಲ್ಲಿ, ಗಂಟಲಿಗೇ. ಕಟ್ಟಿಕೊಂಡದ್ದು ಹುಣಸೆಬೀಜವೋ, ಕದ್ದು ತಿಂದ ಹಸಿ ಶೇಂಗಾವೋ, ಅದರ ಸಾಕ್ಷಿ ಮಾರನೆಯ ದಿನ ಹಿತ್ತಲಲ್ಲಿ ಸಿಗುತ್ತಿತ್ತು. ನಾನು ಗೋಡೆಯ ಮಣ್ಣು ತಿನ್ನುತ್ತಿದ್ದೆ. ಮಳೆ ಬಿದ್ದ ಮೊದಲ ದಿನದ ಎರೆಮಣ್ಣಿನ ವಾಸನೆಗೆ ಈಗಲೂ ನನ್ನ ಬಾಯಲ್ಲಿ ನೀರು ಬರುತ್ತದೆ, ಯಾರಿಗೂ ಹೇಳಬೇಡಿ. ಅಜ್ಜಿಯ ಮುಂದೆ ನಾನು ಎಷ್ಟು ಸುಳ್ಳು ಹೇಳಿದರೂ ನನ್ನ ಹೊಟ್ಟೆ ಒಮ್ಮೆಯೂ ನನ್ನ ಪರವಾಗಿ ಮಾತಾಡಲಿಲ್ಲ.

ಹುಂಜನ ಹೊಟ್ಟೆಯಾದರೂ ನನ್ನ ಪರವಾಗಿ ಮಾತಾಡೀತೇನೋ ಎಂಬ ಆಸೆಯಿಂದ ಕುಂದಗೋಳದ ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಹಚ್ಚಿದೆ. ಹೆಣ್ಣುಮಗಳು, ವಯಸ್ಸಿನಲ್ಲಿ ಚಿಕ್ಕವಳು, ಮಾತು ಮಾತ್ರ ಠಾಣೆಯ ಮಾತು. ಶಾರದಾ ಸ್ಪೀಕರಿಗೆ ಹಾಕಿಸಿ ಪಕ್ಕದಲ್ಲಿ ಕೂತಳು.

"ಏನ್ ತಿನ್ನಿಸೀರಿ?"

"ಏನೂ ಇಲ್ರಿ ಡಾಕ್ಟರ್, ಯಾವಾಗ್ಲೂ ತಿನ್ನೋ ಜ್ವಾಳ."

"ಔಷಧಿ ಗಿಷಧಿ ಬಿದ್ದಿದ್ದು ಏನರ ತಿಂದೈತೇನು? ನಿಮ್ಮದು ಗೊಬ್ಬರದಂಗಡಿ ಅಲ್ಲೇನ್ರಿ?"

ಶಾರದಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

ಡಾಕ್ಟರು ವಿವರಿಸಿದರು. ಕೋಳಿ ತಿಂದ ಕಾಳು ನೇರ ಹೊಟ್ಟೆಗೆ ಹೋಗುವುದಿಲ್ಲವಂತೆ. ಮೊದಲು ಕೊರಳ ಕೆಳಗಿನ ಒಂದು ಚೀಲದಲ್ಲಿ ಕೂತು, ನೆನೆದು, ಸಾವಕಾಶ ಇಳಿಯುತ್ತದಂತೆ. ಸಂಜೆ ತುಂಬಿದ ಚೀಲ ಬೆಳಗಾಗುವುದರೊಳಗೆ ಖಾಲಿಯಾಗಬೇಕು. ಬೆಳಗ್ಗೆ ಏನೂ ತಿನ್ನುವ ಮೊದಲೇ ಗಟ್ಟಿಯಾಗಿದೆ ಎಂದರೆ ಅಲ್ಲಿ ಏನೋ ಕಟ್ಟಿಕೊಂಡಿದೆ. "ಇವತ್ತೆಲ್ಲಾ ಕಾಳು ಹಾಕಬ್ಯಾಡ್ರಿ. ನೀರು ಇಡ್ರಿ. ಸಿರಿಂಜಿನ್ಯಾಗ ಸ್ವಲ್ಪ ಅಡಗಿ ಎಣ್ಣಿ ತಗೊಂಡು ಚುಂಚಿನ ಬಾಜೂದಿಂದ ಹನಿ ಹನಿ ಬಿಡ್ರಿ. ಒಮ್ಮೆಲೆ ಗಂಟಲಕ್ಕ ಹೊಡದ್ರ ಉಸಿರಿನ ಕೊಳವ್ಯಾಗ ಹೋಗಿ ಅಲ್ಲೇ ಸಾಯ್ತೈತಿ. ಆಮ್ಯಾಲೆ ಚೀಲ ಮೆತ್ತಗ ತಿಕ್ಕ್ರಿ. ತಲಿಕೆಳಗ ಹಿಡದು ಕಾರಿಸಾಕ ಹೋಗಬ್ಯಾಡ್ರಿ. ನಾಳಿಗೆ ಮೆತ್ತಗಾಗಲಿಲ್ಲಂದ್ರ ಕರ್ಕೊಂಡು ಬರ್ರಿ."

ನಾನು ಔಷಧಿ ಅಂಗಡಿಯಿಂದ ಸಿರಿಂಜು ತಂದೆ. ಅಡುಗೆಮನೆಯ ಎಣ್ಣೆ ಡಬ್ಬಿಗೆ ಕೈಹಾಕುವಷ್ಟರಲ್ಲಿ ಶಾರದಾ ಅಡ್ಡ ಬಂದಳು.

"ನೀವು ಮುಟ್ಟಬ್ಯಾಡ್ರಿ. ನಾ ಹಾಕ್ತೀನಿ."

ತಾನೇ ಬಟ್ಟಲಿಗೆ ಶೇಂಗಾ ಎಣ್ಣೆ ಸುರಿದಳು. ನನ್ನ ಕೈಯಿಂದ ಸಿರಿಂಜು ಇಸಿದುಕೊಂಡು ಬಿಸಿನೀರಿನಲ್ಲಿ ತೊಳೆದಳು, ಮೂಸಿದಳು, ಮತ್ತೆ ತೊಳೆದಳು. ಎಣ್ಣೆ ಎಳೆದುಕೊಂಡು ಒಂದು ಹನಿ ತನ್ನ ಅಂಗೈಗೆ ಬಿಟ್ಟು ನೆಕ್ಕಿದಳು. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಳು.

"ಏನ್ ಮಾಡಾಕತ್ತಿ?"

"ತಡೀರಿ ಸ್ವಲ್ಪ. ನೋಡೂಣು."

ನನಗೆ ಆಗ ಅರ್ಥವಾಯಿತು. ಅವಳು ಕಾಯುತ್ತಿದ್ದಳು. ಎಣ್ಣೆಯಲ್ಲಿ ಏನಾದರೂ ಇದ್ದರೆ ಮೊದಲು ತನಗಾಗಲಿ ಎಂದು ಕಾಯುತ್ತಿದ್ದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಈ ಹೆಂಗಸು ದಿನಾ ನನ್ನ ಜೊತೆ ಉಣ್ಣುತ್ತಾಳೆ, ನಾನು ತಂದ ಬಾಳೆಹಣ್ಣು ತಿನ್ನುತ್ತಾಳೆ, ಜ್ವರ ಬಂದರೆ ನನ್ನ ಕೈಯಿಂದಲೇ ಗುಳಿಗೆ ನುಂಗುತ್ತಾಳೆ. ಅವಳ ಮನಸ್ಸಿನಲ್ಲಿ ನಾನು ಹೀಗೂ ಇರಬಲ್ಲೆ ಎಂಬ ಒಂದು ಖೋಲಿ ಇತ್ತು, ಇಷ್ಟು ವರ್ಷ ಬೀಗ ಹಾಕಿಟ್ಟಿದ್ದಳು ಅಷ್ಟೆ.

ಅವಳಿಗೆ ಏನೂ ಆಗಲಿಲ್ಲ. ಕಣ್ಣು ತೆರೆದು, "ಹಿಡೀರಿ ಅದನ್ನ" ಅಂದಳು.

ನಾನು ಹಿಡಿದೆ, ಅವಳು ಚುಂಚಿನ ಪಕ್ಕದಿಂದ ಹನಿ ಬಿಟ್ಟಳು. ಫೌಜದಾರ ಪ್ರತಿ ಹನಿಗೂ ಒಂದೇ ಕಣ್ಣಿನಿಂದ ನನ್ನನ್ನೇ ನೋಡಿದ. ಆಮೇಲೆ ತಿಕ್ಕುವ ಕೆಲಸ ನನ್ನದು. ಅವಳು ಎದುರು ಕೂತು, "ಮೆತ್ತಗ... ಇನ್ನೂ ಮೆತ್ತಗ... ಕಣಕಾ ನಾದ್ತೀರೇನ?" ಎನ್ನುತ್ತಿದ್ದಳು. ಹೊತ್ತು ಇಳಿಯುವವರೆಗೂ ಬಿಟ್ಟು ಬಿಟ್ಟು ತಿಕ್ಕಿದೆವು. ಅಂಗಡಿ ತೆರೆಯಲೇ ಇಲ್ಲ. ಅದೂ ಸುದ್ದಿಯಾಯಿತು. ಹೆಪ್ಪಿಗೆ ಮೊಸರು ಬೇಕೆಂದು ಬಟ್ಟಲು ಹಿಡಿದು ಬಂದ ಶಂಕ್ರವ್ವ, ಬಾಗಿಲು ಹಾಕಿದ ಹಿತ್ತಲು, ನನ್ನ ಕೈಗೆ ಮೆತ್ತಿದ್ದ ಎಣ್ಣೆ, ಅಂಗಿಯ ಮೇಲಿನ ಪುಕ್ಕ ಎಲ್ಲ ನೋಡಿ, ಮೊಸರು ಇಸಿದುಕೊಳ್ಳದೆಯೇ ಹೋಗಿಬಿಟ್ಟಳು.

ಮರುದಿನ ಬೆಳಗ್ಗೆ ಗಂಟು ಹಾಗೆಯೇ ಇತ್ತು. ಹುಂಜನ ಬಾಯಿಂದ ಹುಳಿ ವಾಸನೆ ಬೇರೆ. ಶಾರದಾಳ ಮುಖ ಸಣ್ಣದಾಗಿತ್ತು. ಬುಟ್ಟಿಗೆ ಸೀರೆ ಹಾಸಿ, ಅವನನ್ನು ಕೂಡಿಸಿ, ಮೇಲೊಂದು ಸೀರೆ ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕೂತಳು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಗಿರಾಕಿ ಕೈ ತೋರಿಸಿ ನಿಲ್ಲಿಸಿದ. ಕುಂದಗೋಳಕ್ಕೆ ಹೊರಟರೆ ಒಂದು ಸಾಮಾನು ತಂದುಕೊಡಿ ಎಂದು ಹೇಳಲು ಬಂದವನು, ಮುಚ್ಚಿದ ಸೀರೆಯಿಂದ ಹೊರಬಂದ ಬಾಲದ ಗರಿ ನೋಡಿ ಹೇಳುವುದನ್ನೇ ಮರೆತ.

"ಯಾವ ದೇವರಿಗ್ರಿ ಮಲ್ಲಣ್ಣಾರ?" ಅಂದ.

"ದವಾಖಾನಿಗಿ," ಅಂದೆ.

ಅವನು ನಂಬಲಿಲ್ಲ. ಹುಂಜನನ್ನು ದವಾಖಾನೆಗೆ ಒಯ್ಯುವವರುಂಟೇ? ನಾನಾಗಿದ್ದರೂ ನಂಬುತ್ತಿರಲಿಲ್ಲ. ದಾರಿಯುದ್ದಕ್ಕೂ ಶಾರದಾ ನನ್ನ ಭುಜ ಹಿಡಿಯಲಿಲ್ಲ, ಗಾಡಿಯ ಹಿಂದಿನ ಕಬ್ಬಿಣ ಹಿಡಿದು ಕೂತಿದ್ದಳು.

ಡಾಕ್ಟರು ಚೀಲ ಮುಟ್ಟಿ ನೋಡಿ, "ಇದು ತಿಕ್ಕಿದ್ರ ಹೋಗೂದಲ್ಲ. ಕೊಯ್ದು ತೆಗೀಬೇಕು" ಅಂದರು.

"ಬದುಕ್ತೈತೇನ್ರಿ?" ಶಾರದಾ ಕೇಳಿದಳು.

"ಹಿಂಗ ಬಿಟ್ರ ಬದುಕೂದಿಲ್ಲ. ಕೊಯ್ದ್ರ ಬದುಕಬಹುದು."

ಶಾರದಾ ಅವತ್ತು ಮೊದಲ ಸಲ ನನ್ನ ಕಡೆಗೆ ತಿರುಗಿದಳು, ಏನು ಮಾಡೂಣು ಎನ್ನುವ ಹಾಗೆ. ನಾನು "ಕೊಯ್ರಿ" ಅಂದೆ. ಅಂದಮೇಲೆ, ಸತ್ತರೆ ಇದೂ ನನ್ನ ತಲೆಗೇ ಬರುತ್ತದಲ್ಲ ಎಂದು ಹೊಳೆಯಿತು.

ಗರಿ ಕಿತ್ತು, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣದೊಂದು ಗೀರು ಹಾಕಿದರು. ನಾನು ಕಾಲು ಹಿಡಿದಿದ್ದೆ, ಶಾರದಾ ತಲೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಡಾಕ್ಟರು ಚಿಮಟದಿಂದ ಒಳಗೆ ಏನನ್ನೋ ಹಿಡಿದು ಎಳೆದರು. ಬಂತು. ಇನ್ನೂ ಎಳೆದರು, ಇನ್ನೂ ಬಂತು. ಹಗ್ಗದಂತೆ ಹೊಸೆದುಕೊಂಡ ಉದ್ದನೆಯ ಒದ್ದೆ ಸಿಂಬಿ. ಕಾಳು, ಹೊಟ್ಟು, ಹುಲ್ಲು ಎಲ್ಲ ಸುತ್ತಿಕೊಂಡಿದ್ದವು. ತಟ್ಟೆಗೆ ಹಾಕಿ ನೀರು ಬಿಟ್ಟರು.

ಕೂದಲು. ಮನುಷ್ಯರ ಕೂದಲು.

"ಇಷ್ಟು ಕೂದಲಾ ಎಲ್ಲಿಂದ ಬಂತ್ರಿ?" ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು. ಶಾರದಾ ಕಣ್ಣು ತೆರೆದು ತಟ್ಟೆ ನೋಡಿದಳು. ಅವಳ ಮುಖದಲ್ಲಿ ರಕ್ತ ಉಳಿಯಲಿಲ್ಲ.

"ಯಾರೋ ಮಾಡ್ಸ್ಯಾರ," ಅಂದಳು ಪಿಸುದನಿಯಲ್ಲಿ.

ಹುಂಜ, ಕೂದಲು. ನಮ್ಮ ಕಡೆ ಇವೆರಡೂ ಒಂದೇ ಕಡೆ ಕಂಡರೆ ಮಾಟ ಎಂದು ಹೇಳಲು ಮೂರನೆಯದು ಬೇಕಿಲ್ಲ. ನನಗೂ ಒಂದು ಗಳಿಗೆ ಬೆನ್ನಿನಲ್ಲಿ ತಣ್ಣಗಾಯಿತು. ಅಂಗಡಿಯ ಮೇಲೆ ಕಣ್ಣಿಟ್ಟವರು ಯಾರ್ಯಾರು, ನಮ್ಮ ಮನೆಯ ಮುಂದೆ ಲಿಂಬೆಹಣ್ಣು ಬಿದ್ದದ್ದು ಯಾವಾಗ ಎಂದೆಲ್ಲ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಶಾರದಾ ಮುಂದೆ ಬಾಗಿ, ಬೆರಳು ತಾಗಿಸದೆ, ತಟ್ಟೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿದಳು.

"ಈ ಕೆಂಪು ಕೂದಲಾ ಯಾರದು?"

ಕರಿಯ ಮತ್ತು ಬಿಳಿಯ ಎಳೆಗಳ ನಡುವೆ ನಿಜವಾಗಿಯೂ ಕೆಲವು ಕೆಂಪನೆಯವಿದ್ದವು. ಉದ್ದನೆಯವು, ಹೆಂಗಸಿನವು.

"ನನಗೇನ್ ಗೊತ್ತು?" ಅಂದೆ.

ಲೋಕದಲ್ಲಿ ಈ ಮಾತನ್ನು ಸರಿಯಾದ ಧ್ವನಿಯಲ್ಲಿ ಹೇಳಿದ ಗಂಡಸು ಇನ್ನೂ ಹುಟ್ಟಿಲ್ಲ. ವಿಷ ಹಾಕಿದ ಆರೋಪ ಅಲ್ಲಿಗೆ ಬಿದ್ದುಹೋಯಿತು, ಅದರ ಜಾಗಕ್ಕೆ ಅದಕ್ಕಿಂತ ದೊಡ್ಡದು ಬಂದು ಕೂತಿತು. ಡಾಕ್ಟರು ಚೀಲ ತೊಳೆದು ಹೊಲಿಗೆ ಹಾಕುತ್ತ, ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡದ್ದನ್ನು ನಾನು ನೋಡಿದೆ. "ಹೊಲಿಗಿ ಗಟ್ಟಿ ಆಗೂತನ ಮೆತ್ತಂದು ಕೊಡ್ರಿ, ಸ್ವಲ್ಪ ಸ್ವಲ್ಪ. ಮೊಸರನ್ನ ಕಿವುಚಿ ಕೊಡ್ರಿ" ಅಂದರು. ಶಾರದಾ ಒಪ್ಪಿ ತಲೆಯಾಡಿಸಿ, ಆ ಕೂದಲಿನ ಉಂಡೆಯನ್ನು ಕಾಗದದಲ್ಲಿ ಕಟ್ಟಿಕೊಡಲು ಕೇಳಿದಳು. ಡಾಕ್ಟರು ಕಟ್ಟಿಕೊಟ್ಟರು.

ಮನೆಗೆ ಬಂದದ್ದೇ ನನ್ನನ್ನು ಹುಂಜನ ಜೊತೆ ಒಳಗೆ ಕೂಡಿಸಿ, ಅವಳು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಆ ಉಂಡೆಗೆ ತಂಬಿಗೆಯಿಂದ ನೀರು ಸುರಿದು ಕಡ್ಡಿಯಿಂದ ಬಿಡಿಸತೊಡಗಿದಳು. ನಾನು ಕಿಟಕಿಯ ಸಂದಿನಿಂದ ನೋಡುತ್ತಿದ್ದೆ. ಶಂಕ್ರವ್ವ ಬಾರದೆ ಇರುತ್ತಾಳೆಯೆ? ಬಂದಳು. ಮೂಗಿಗೆ ಸೆರಗು ಹಿಡಿದು ಬಾಗಿ ನೋಡಿದಳು.

"ಏನವಾ ಇದು?"

"ಹುಂಜನ ಹೊಟ್ಯಾಗಿಂದು. ಕಲ್ಲಿನಂಥ ಗಂಟಿತ್ತು. ಕೊಯ್ಸಿ ತಗಸ್ಕೊಂಡು ಬಂದೀನಿ."

"ಹಂಗಾರ ಹುಂಜ ಐತಿ?" ಎಂದಳು ಶಂಕ್ರವ್ವ. ಆ ಧ್ವನಿಯಲ್ಲಿ ನಿರಾಸೆಯಿತ್ತೋ ನೆಮ್ಮದಿಯಿತ್ತೋ ನನಗೆ ಇನ್ನೂ ತಿಳಿದಿಲ್ಲ. ಆಮೇಲೆ ಕಡ್ಡಿ ಇಸಿದುಕೊಂಡು ತಾನೂ ಕೆದಕಿದಳು. ಅರ್ಧ ಬಿಳಿ ಅರ್ಧ ಕಪ್ಪಿನ ಒಂದು ಸುರುಳಿಯನ್ನು ಮೇಲೆತ್ತಿದಳು. ತನ್ನ ತುರುಬಿನ ಪಕ್ಕ ಹಿಡಿದಳು.

"ಯವ್ವಾ, ಇದು ನಂದ!"

"ನಿಂದ್ಯಾಕ ನಮ್ಮ ಹುಂಜನ ಹೊಟ್ಯಾಗ ಬಂತು?" ಶಾರದಾ ಎದ್ದು ನಿಂತಳು.

"ಅಯ್ಯ, ಕೂದಲದಾವ ಬಂದಿದ್ದನಲ್ಲ!" ಶಂಕ್ರವ್ವ ಹಣೆ ಬಡಿದುಕೊಂಡಳು. "ಇದ ಕಟ್ಟಿ ಮ್ಯಾಲೆ ಕುಂತಿದ್ದನಲ್ಲ ಅವತ್ತು! ನಾ ಎಷ್ಟು ದಿನದಿಂದ ಕೂಡಿಸಿಟ್ಟದ್ದು ಒಯ್ದುಕೊಟ್ಟ್ರ, ಗಿಡ್ಡಂದು ಬ್ಯಾಡ, ಬಿಳೀದು ಬ್ಯಾಡ ಅಂತ ಅರ್ಧಕ್ಕರ್ಧ ಕಿತ್ತು ನಿಮ್ಮ ಗ್ವಾಡಿ ಬಾಜೂಕ ಒಗದ. ಒಂದು ಚಾ ಸೋಸೂ ಜಾಳಗಿ ಕೊಟ್ಟು ಹೋದ, ಹಾಳಾದಾವ!"

ನಿಮಗೆ ಗೊತ್ತಿರಬಹುದು. ಹೆಂಗಸರು ಬಾಚಿದಾಗ ಉದುರಿದ ಕೂದಲು ಸುತ್ತಿಟ್ಟುಕೊಂಡಿರುತ್ತಾರೆ, ಮೋಟರ್‌ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು ಒಬ್ಬ ಬಂದು ಅದನ್ನು ತೆಗೆದುಕೊಂಡು ಸ್ಟೀಲಿನ ಸಾಮಾನು ಕೊಡುತ್ತಾನೆ. ಅವನು ಒಗೆದ ಜಾಗದಲ್ಲೇ ಶಾರದಾ ದಿನಾ ಸಂಜೆ ಜೋಳ ಚೆಲ್ಲುತ್ತಿದ್ದಳು. ಫೌಜದಾರ ಕಾಳಿನ ಜೊತೆ ಕೂದಲನ್ನೂ ಹೆಕ್ಕಿ ನುಂಗುತ್ತ ಬಂದಿದ್ದ, ಅಷ್ಟೆ.

ಶಂಕ್ರವ್ವನ ದನಿ ಕೇಳಿ ಓಣಿಯ ಹೆಂಗಸರೆಲ್ಲ ಕೂಡಿದರು. ಯಾವುದು ಯಾರದು ಎಂಬ ವಿಚಾರಣೆ ನಡೆಯಿತು. ಗುಂಗುರು ಯಾರದು, ಎಳೆ ತೆಳ್ಳಗಿದ್ದದ್ದು ಯಾರದು. ಕೆಂಪು ಕೂದಲು ಬಂದಾಗ ಶಾರದಾ ಅದನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಎಲ್ಲರ ಮುಖದ ಮುಂದೆ ಹಿಡಿದಳು. ಯಾರೂ ತಮ್ಮದೆನ್ನಲಿಲ್ಲ. ಕಿಟಕಿಯ ಹಿಂದೆ ನಾನು ಉಸಿರು ಬಿಗಿಹಿಡಿದೆ.

ಆಗ ಖೈರುನ್ನಿಸಾ ಹಿಂದಿನಿಂದ ಬಂದಳು. ರೋಗವಲ್ಲ ಎಂದು ಗೊತ್ತಾದ ಮೇಲೆ ಧೈರ್ಯ ಬಂದಿತ್ತು. ತಲೆಯ ಮೇಲಿನ ಸೆರಗು ತುಸು ಸರಿಸಿ ತನ್ನ ಹೆರಳು ತೋರಿಸಿದಳು. "ನಂದ ರೀ ಅಕ್ಕಾರ. ಮೆಹಂದಿ. ಹಬ್ಬಕ್ಕ ಹಚ್ಕೊಂಡಿದ್ದೆ. ನನಗೂ ಅಂವ ಬಣ್ಣದ್ದು ಬ್ಯಾಡಂತ ಒಗದು ಬರೇ ಒಂದು ಬಟ್ಟಲಾ ಕೊಟ್ಟಾನ್ರಿ."

ಶಾರದಾ ಅವಳ ಹೆರಳನ್ನು ಕೈಯಲ್ಲಿ ಹಿಡಿದು, ಎಳೆಯ ಪಕ್ಕ ಎಳೆ ಇಟ್ಟು, ಬಿಸಿಲಿಗೆ ತಿರುಗಿಸಿ ನೋಡಿದಳು. ಪಕ್ಕಾ ಆಯಿತು. ಒಮ್ಮೆಲೇ ನಕ್ಕಳು. ಖೈರುನ್ನಿಸಾಳಿಗೆ ಯಾಕೆಂದು ತಿಳಿಯದೆ ಅವಳೂ ನಕ್ಕಳು. ನಾನು ಉಸಿರು ಬಿಟ್ಟೆ. ಕಿವುಚಿಟ್ಟ ಮೊಸರನ್ನದ ಬಟ್ಟಲು ಎಳೆದುಕೊಂಡು, ಫೌಜದಾರನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಒಂದೊಂದೇ ಅಗುಳು ತಿನ್ನಿಸತೊಡಗಿದೆ. ಹೊಲಿಗೆಯ ಮೇಲಿನ ಬೋಳು ಚರ್ಮ ಪಾಪ ಚಳಿಗೆ ನಡುಗುತ್ತಿತ್ತು.

ಹೊರಗೆ ಕೂದಲಿನ ಪಂಚಾಯಿತಿ ಮುಗಿದು ಹೆಂಗಸರು ಏಳುವ ಸದ್ದಾಯಿತು. ಆಗ ಶಂಕ್ರವ್ವನ ಧ್ವನಿ ಬಂತು. ತಗ್ಗಿಸಿದ್ದಳು, ಆದರೆ ಶಂಕ್ರವ್ವ ತಗ್ಗಿಸಿದ್ದು ಮೂರು ಮನೆಗೆ ಕೇಳುತ್ತದೆ.

"ಅಲ್ಲವಾ ಶಾರದಾ, ಕೂದಲಾ ಖರೆ, ನಾ ಇಲ್ಲನ್ನೂದಿಲ್ಲ. ಆದರ ನಿಮ್ಮನ್ಯಾವ್ರ ಮಾರಿ ನೋಡಿದ್ರ, ಇವ್ರು ಏನೂ ಮಾಡಿಲ್ಲ ಅಂತ ಯಾಕೋ ಅನಸೂದ ಇಲ್ಲ ನೋಡು."

ಯಾರೋ ಕಿಸಕ್ಕನೆ ನಕ್ಕರು. ಅಗುಳು ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಶಾರದಾ 'ಹೂಂ' ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಕಾದೆ.

"ನಮ್ಮನ್ಯಾವ್ರ ಮ್ಯಾಲೆ ಸಂಶೇ ಪಡಾಕ ನಾ ಅದೀನಲ್ಲ ಶಂಕ್ರವ್ವ," ಅಂದಳು ಶಾರದಾ. "ನೀ ಯಾಕ ಆ ತ್ರಾಸ ತಗೋತಿ?"

ಹೊರಗೆ ಚಪ್ಪಲಿಗಳು ಒಂದೊಂದಾಗಿ ಕಟ್ಟೆ ಇಳಿದು ಹೋದವು. ನನ್ನ ಕಣ್ಣು ಮಂಜಾಗಿ, ಅಗುಳು ಯಾವುದು ಬೆರಳು ಯಾವುದು ಕಾಣದಾಯಿತು. ಫೌಜದಾರ ಬೆರಳನ್ನೇ ಹಿಡಿದು ಕಚ್ಚಿದ. ಜೋರಾಗಿಯೇ ಕಚ್ಚಿದ. ನಾನು ಹಲ್ಲು ಕಚ್ಚಿ ಸುಮ್ಮನೆ ಕೂತೆ. ಅಮ್ಮಾ ಎಂದಿದ್ದರೆ, ಕಿಟಕಿಯ ಹಿಂದೆ ಕೂತು ಎಲ್ಲ ಕೇಳಿಸಿಕೊಂಡೆನೆಂದು ಅವಳಿಗೆ ಸಂಶಯ ಬರುತ್ತಿತ್ತು.